ಎಡಗಡೆಯ ರೆಕ್ಕೆ: ಉಪ್ಪಿನ ಮೂಟೆ

"ಅದು ಪ್ರಶಸ್ತಿ ಕಣ್ರೀ, ಟೋಪಿ ನೇತುಹಾಕೋ ಗೂಟ ಅಲ್ಲ. ಕೈ ತೆಗೀರಿ," ಎಂದ ಡಾಕ್ಟರ್ ಬಾನ್ ಜೇಹುನ್.

ಮಾ ಸೊನೊಕ್ ಕೈ ತೆಗೆಯಲಿಲ್ಲ. ಅಲ್ಲಿ ನೇತಾಡುತ್ತಿದ್ದದ್ದು ಅವನದೇ ಟೋಪಿ. ಅದನ್ನು ತೆಗೆದು ಅವನ ಮೇಜಿನ ಮೇಲಿಟ್ಟಳು. ಪಕ್ಕದ ಪುಟ್ಟ ಕಳ್ಳಿಗಿಡದ ಕುಂಡವನ್ನೂ ಇಳಿಸಿದಳು. ಆಗ ಗೋಡೆಯಿಂದ ಅಡ್ಡಲಾಗಿ ಚಾಚಿಕೊಂಡಿದ್ದ ಕಪ್ಪು ಪ್ರೊಪೆಲ್ಲರ್ ರೆಕ್ಕೆ ಪೂರ್ತಿ ಕಾಣಿಸಿತು. ತೋಳಿನಷ್ಟು ಉದ್ದ, ಬುಡಕ್ಕೆ ದಪ್ಪ ಬೋಲ್ಟುಗಳು, ಕೆಳಗೊಂದು ಹಿತ್ತಾಳೆ ಫಲಕ: 'ವರ್ಷದ ಅತ್ಯುತ್ತಮ ಸಾಗರ ಆವಿಷ್ಕಾರ'.

'ದೋಂಗ್‌ಬೇಕ್' ಎಂಬ ಪ್ರಯಾಣಿಕರ ದೋಣಿಯ ಎಡ ಬಲ ಪ್ರೊಪೆಲ್ಲರುಗಳಿಗೆ ಮಾಡಿದ ರೆಕ್ಕೆಗಳಲ್ಲಿ ಒಂದೂ ನಮ್ಮಲ್ಲಿ ಉಳಿದಿಲ್ಲ ಎಂದು ಈ ಪ್ರೊಪೆಲ್ಲರ್ ಕಾರ್ಖಾನೆಯವರು ತನಿಖಾಧಿಕಾರಿಗಳ ಮುಂದೆ ಹೇಳಿದ್ದರು. ಬೇಕೆಂದೇ ಹೇಳಿದ ಸುಳ್ಳೂ ಅದಲ್ಲ, ಪಾಪ. ಪ್ರಶಸ್ತಿಯಾಗಿ ಗೋಡೆ ಹತ್ತಿದ ಮೇಲೆ ಅದೂ ಒಂದು ರೆಕ್ಕೆ ಎಂಬುದನ್ನೇ ಎಲ್ಲರೂ ಮರೆತಿದ್ದರು. ಊರೆಲ್ಲ ಚಪ್ಪಾಳೆ ತಟ್ಟಿದರೆ ಯಾರಿಗೆ ತಾನೇ ಅಂಥದ್ದು ನೆನಪಿರುತ್ತದೆ.

ಕಳೆದ ವರ್ಷದ ಚುಸೋಕ್ ಸುಗ್ಗಿ ಹಬ್ಬದ ಮಾರನೆಯ ದಿನ ಆ ದೋಣಿ ಹಾಕ್ಸೋಮ್ ದ್ವೀಪದಿಂದ ಹೊರಟು ಅಲ್ಲಿನ ಬಂಡೆಗೆ ಬಡಿದು ಹನ್ನೊಂದು ಜನರನ್ನು ಮುಳುಗಿಸಿತ್ತು. ಅದರ ರೆಕ್ಕೆಗಳೂ ಬಂಡೆಯ ಪೆಟ್ಟಿಗೆ ಪುಡಿಯಾಗಿ ಹೋಗಿದ್ದವು. ನಾಳೆ ಬೆಳಿಗ್ಗೆ ಅದರ ಕ್ಯಾಪ್ಟನ್ ತಾಕ್ ಬ್ಯೊಂಗ್‌ಹೋಗೆ ಶಿಕ್ಷೆ ಪ್ರಕಟವಾಗಲಿತ್ತು.

ಮುಳುಗಿದವರಲ್ಲಿ ಅದೇ ದ್ವೀಪದಲ್ಲಿದ್ದ ಸೊನೊಕ್‌ಳ ತಾಯಿಯೂ ಒಬ್ಬಳು. ಹೆಣವನ್ನು ನೀರಿನಿಂದ ಎತ್ತಿ ತಂದವನು ತಾಕ್. ಚಿಕ್ಕಂದಿನಲ್ಲಿ ಸೊನೊಕ್‌ಗೆ ಈಜು ಕಲಿಸಿದ, ಅವಳು ಅಣ್ಣ ಎಂದೇ ಕರೆಯುವವನೂ ಅವನೇ. ಹಿಂದೆ ಸಮುದ್ರ ಪೊಲೀಸಿನಲ್ಲಿದ್ದು, ಈಗ ಸ್ವಂತವಾಗಿ ದೋಣಿ ಅಪಘಾತಗಳ ಜಾಡು ಹಿಡಿಯುತ್ತಿದ್ದ ಸೊನೊಕ್, ಅಮ್ಮನ ಸಾವಿಗೆ ಯಾರಾದರೂ ಜೈಲಿಗೆ ಹೋಗಲಿ, ಆದರೆ ಸರಿಯಾದವರೇ ಹೋಗಲಿ ಎಂದು ಹಟ ಹಿಡಿದಿದ್ದಳು.

"ಇದು ಎಡಗಡೆದಾ, ಬಲಗಡೆದಾ ಡಾಕ್ಟರೇ?"

"ಯಾವುದೋ ಒಂದು. ನೆನಪಿಲ್ಲ."

"ನಿಮ್ಮ ಮಗೂನ ಎಡಗೈ ಯಾವುದು, ಬಲಗೈ ಯಾವುದು ಅಂತ ಕೇಳಿದ್ರೂ ನೆನಪಿಲ್ಲ ಅಂತೀರಾ? ಇದರ ತಿರುವು ನೋಡಿದ್ರೇ ಗೊತ್ತಾಗುತ್ತೆ. ಎಡಗಡೆದು."

ಬಾನ್ ಕನ್ನಡಕ ತೆಗೆದು ಒರೆಸಿಕೊಂಡ. ನಲವತ್ತರ ಆಸುಪಾಸಿನ, ನಿದ್ದೆಗೆಟ್ಟ ಮುಖದ ಮನುಷ್ಯ. ಈ ರೆಕ್ಕೆ ನೀರಿನಲ್ಲಿ ಹೇಗೆ ಬಾಗುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಕಟ್ಟಿದವನು ಅವನೇ. ಆ ಲೆಕ್ಕಕ್ಕೇ ಪ್ರಶಸ್ತಿ ಬಂದಿತ್ತು.

"ನಿಮಗೆ ವಿಷಯ ಅರ್ಥ ಆಗಲ್ಲ ಮೇಡಂ," ಎಂದ. "ಕಂಚಿನ ರೆಕ್ಕೆ ಆದ್ರೆ ಕಲ್ಲಿನ ಹಾಗೆ, ನೀರು ಎಷ್ಟು ತಳ್ಳಿದ್ರೂ ಜಗ್ಗಲ್ಲ. ಇದು ಕಾರ್ಬನ್ ನೂಲಿನ ಬಟ್ಟೇನ ಪದರ ಪದರವಾಗಿ ಅಂಟಿಸಿ ಮಾಡಿದ್ದು. ನೀರು ತಳ್ಳಿದ್ರೆ ಬಾಗುತ್ತೆ. ಬಾಗಿದ ಮೇಲೆ ನೀರು ಹರಿಯೋ ದಾರೀನೇ ಬೇರೆ ಆಗುತ್ತೆ, ತಳ್ಳೋ ರೀತೀನೂ ಬೇರೆ ಆಗುತ್ತೆ. ಅದಕ್ಕೆ ರೆಕ್ಕೆ ಇನ್ನೊಂಚೂರು ಬಾಗುತ್ತೆ. ಇಬ್ಬರೂ ಒಂದು ಕಡೆ ಒಪ್ಪೋ ತನಕ ಲೆಕ್ಕ ಹಾಕ್ತಾನೇ ಇರಬೇಕು. ಗಂಡ ಹೆಂಡ್ತಿ ಮಾತಿಗೆ ಮಾತು ಬೆಳೆಸ್ತಾರಲ್ಲ, ಹಾಗೆ."

ವಸ್ತುಪ್ರದರ್ಶನಗಳಲ್ಲಿ ಹೇಳಿ ಹೇಳಿ ಸವೆದ ತಮಾಷೆ ಅದು. ನಗು ಬರಬೇಕಾದ ಜಾಗದಲ್ಲಿ ಅವನು ಅಭ್ಯಾಸಬಲದಿಂದ ಒಂದು ಕ್ಷಣ ನಿಂತ. ಸೊನೊಕ್ ನಗಲಿಲ್ಲ.

"ಒಪ್ಪದೇ ಹೋದ್ರೆ?"

"ಏನು?"

"ಗಂಡ ಹೆಂಡ್ತಿ ಕೊನೇತನಕ ಒಪ್ಪದೇ ಹೋದ್ರೆ ಏನಾಗುತ್ತೆ?"

ಬಾನ್ ಕನ್ನಡಕ ಹಾಕಿಕೊಂಡ. "ಮುರಿಯುತ್ತೆ," ಎಂದ.

ಸೊನೊಕ್ ಚೀಲದಿಂದ ಒಂದು ಫೋಟೋ ತೆಗೆದು ಟೋಪಿಯ ಪಕ್ಕದಲ್ಲಿಟ್ಟಳು. ದೋಣಿಗೆ ಹೊಸ ಪ್ರೊಪೆಲ್ಲರುಗಳನ್ನು ಹಾಕುವ ಮೊದಲು ಮಾಡಿದ ಗೋಸಾ ಪೂಜೆಯ ಚಿತ್ರ. ನಡುವೆ ತಟ್ಟೆಯ ಮೇಲೆ ಬೇಯಿಸಿದ ಹಂದಿತಲೆ, ಅದರ ಬಾಯಿ ತುಂಬ ಬಂದವರೆಲ್ಲ ಸಿಕ್ಕಿಸಿದ ನೋಟು. ಅದರ ಎರಡೂ ಬದಿಗೆ ಒಂದೊಂದು ಪ್ರೊಪೆಲ್ಲರ್. ಹಿಂದೆ, ಹಂದಿಗಿಂತ ಅಗಲವಾಗಿ ಬಾಯಿ ಬಿಟ್ಟು ನಗುತ್ತ ನಿಂತ ತಾಕ್.

ಈ ಫೋಟೋಗೆ ಅವಳು ಪಟ್ಟ ಪಾಡು ಅಷ್ಟಿಷ್ಟಲ್ಲ. ತಾಕ್‌ನ ಮನೆಯ ಗೋಡೆಯಲ್ಲಿ ಮೊಳೆ ಮಾತ್ರ ಉಳಿದಿತ್ತು. "ನೋಡೋಕೇ ಆಗ್ತಿರ್ಲಿಲ್ಲ ಸೊನೊಕ್. ಒಲೆಗೆ ಹಾಕ್ದೆ," ಎಂದಿದ್ದಳು ಅವನ ಹೆಂಡತಿ ಮಾಲ್ಸುನ್. ಕೊನೆಗೆ ನಿನ್ನೆ, ಬಂದರಿನ ಹಂದಿಸಾರಿನ ಅಂಗಡಿಯಲ್ಲಿ, ಎಣ್ಣೆ ಮಸಿ ಹತ್ತಿದ ಗೋಡೆಯ ಮೇಲೆ ಇನ್ನೊಂದು ಪ್ರತಿ ಸಿಕ್ಕಿತ್ತು.

"ಹಂದಿ ಚೆನ್ನಾಗಿದೆ," ಎಂದ ಬಾನ್.

"ಹಂದಿ ಬಿಡಿ. ಪ್ರೊಪೆಲ್ಲರ್ ನೋಡಿ. ಮೇಲೆ ಬರೀ ತೆಳು ವಾರ್ನಿಶ್, ಒಳಗಿನ ಎಳೆಗಳ ಓರೆ ಕಾಣುತ್ತೆ. ಎಡಗಡೆ ಪ್ರೊಪೆಲ್ಲರ್ ಬಲಗಡೆದರ ಕನ್ನಡಿ ಬಿಂಬ ಆಗಿರಬೇಕು ತಾನೇ? ಎರಡು ಅಂಗೈ ಎದುರುಬದುರು ಹಿಡಿದ ಹಾಗೆ. ಬಲಗಡೆದರಲ್ಲಿ ಎಳೆ ಆಕಡೆ ವಾಲಿದ್ರೆ, ಎಡಗಡೆದರಲ್ಲಿ ಈಕಡೆ ವಾಲಿರಬೇಕು. ಇಲ್ಲಿ ಎರಡೂ ಒಂದೇ ಕಡೆ ವಾಲಿವೆ."

ಬಾನ್ ಫೋಟೋವನ್ನು ಕೈಗೆತ್ತಿಕೊಳ್ಳಲಿಲ್ಲ. ಬಗ್ಗಿಯೂ ನೋಡಲಿಲ್ಲ. ಮೊದಲೇ ನೋಡಿದ ಚಿತ್ರವನ್ನು ಮತ್ತೆ ನೋಡುವ ಅಗತ್ಯ ಯಾರಿಗೂ ಇರುವುದಿಲ್ಲ ಎಂದುಕೊಂಡಳು ಸೊನೊಕ್.

"ಫೋಟೋದಲ್ಲಿ ಬೆಳಕು ಮೋಸ ಮಾಡುತ್ತೆ," ಎಂದ. "ಕೋರ್ಟಲ್ಲಿ ಇದಕ್ಕೆ ಕವಡೆ ಕಿಮ್ಮತ್ತಿಲ್ಲ."

"ನಿಜ. ಅದಕ್ಕೇ ರೆಕ್ಕೆ ಹುಡುಕ್ಕೊಂಡು ಬಂದೆ. ಎರಡು ನಿಮಿಷ ಇರಿ."

ಅಂಗಳದಲ್ಲಿ ಅವಳ ಕಾರು ನಿಂತಿತ್ತು. ಮುಂದಿನ ಸೀಟಿನಲ್ಲಿ ಮಾಲ್ಸುನ್, ಶಾಲನ್ನು ಮೂಗಿನ ತನಕ ಎಳೆದುಕೊಂಡು ಕೂತಿದ್ದಳು. ಬೆಳಿಗ್ಗೆ ಇಬ್ಬರೂ ಜೈಲಿಗೆ ಹೋಗಿದ್ದರು. ಒಬ್ಬರಿಗೆ ಮಾತ್ರ ಭೇಟಿ ಎಂದದ್ದರಿಂದ ಮಾಲ್ಸುನ್ ಒಬ್ಬಳೇ ಗಂಡನನ್ನು ಕಂಡು ಬಂದಿದ್ದಳು. ಬರುವ ದಾರಿಯಲ್ಲಿ ಚಳಿಗಾಲದ ಕಿಮ್ಚಿ ಉಪ್ಪಿನಕಾಯಿಗೆಂದು ಕಲ್ಲುಪ್ಪಿನ ಮೂಟೆ ಕೊಂಡಿದ್ದಳು. ಗಂಡ ಜೈಲಿನಲ್ಲಿದ್ದರೂ ಎಲೆಕೋಸಿಗೆ ಉಪ್ಪು ಬೀಳಲೇಬೇಕಲ್ಲ.

"ಬಿಸಿಲಿದೆ, ಇನ್ನೂ ಮುಖ ಮುಚ್ಕೊಂಡಿದ್ದೀರಲ್ಲ ಅತ್ತಿಗೆ. ಒಳಗೆ ಬನ್ನಿ, ಟೀ ಕೊಡ್ತಾರೆ."

"ಬೇಡಮ್ಮ. ದೊಡ್ಡೋರ ಆಫೀಸು ನಂಗೆ ಆಗಿಬರಲ್ಲ." ಡಿಕ್ಕಿ ತೆರೆದ ಸದ್ದಿಗೆ ತಿರುಗಿದಳು. "ಉಪ್ಪು ಯಾಕೆ?"

"ಒಂದು ತೂಕ ನೋಡಬೇಕು."

"ಚೆಲ್ಬೇಡ," ಎಂದಳು ಮಾಲ್ಸುನ್, ಮತ್ತೆ ಮುಂದೆ ನೋಡುತ್ತ.

ಮೂಟೆಯನ್ನು ಹೆಗಲ ಮೇಲೆ ಹೊತ್ತು ಬಂದ ಸೊನೊಕ್‌ಳನ್ನು ಕಂಡು ಬಾನ್ ಎದ್ದುನಿಂತ. ಐವತ್ತು ದಾಟಿದ ಹೆಂಗಸು ಅಷ್ಟು ಭಾರ ಹೊತ್ತದ್ದಕ್ಕೆ ಅಚ್ಚರಿಪಡಬೇಕೋ, ಬಾಗಿಲು ಹಾಕಬೇಕೋ ಅವನಿಗೆ ತಿಳಿಯಲಿಲ್ಲ. ಎರಡನ್ನೂ ಮಾಡಲಿಲ್ಲ.

ಅವಳು ಮೊದಲು ಅವನ ಮೇಜಿನ ಮೇಲಿದ್ದ ದುಂಡು ಪೆನ್ಸಿಲನ್ನು ರೆಕ್ಕೆಯ ತುದಿಯ ಬಳಿ, ಚಪ್ಪಟೆಯಾಗಿದ್ದ ಕಡೆ, ಉದ್ದಕ್ಕೆ ಮಲಗಿಸಿದಳು. ಪೆನ್ಸಿಲು ಅಲುಗದೆ ನಿಂತಿತು.

"ಹೊಟ್ಟೆ ಮೇಲಾಗಿ ಕೂರಿಸಿದ್ದೀರಿ, ಒಳ್ಳೇದಾಯ್ತು. ನೀರು ತಳ್ಳೋದೂ ಈ ಕಡೆಯಿಂದಲೇ. ಸರಿಯಾಗಿ ಮಾಡಿದ ರೆಕ್ಕೆ ಆದ್ರೆ, ಭಾರ ಬಿದ್ದಾಗ ಹಿಂದಿನ ಅಂಚು ತಗ್ಗಬೇಕು. ಅಂದ್ರೆ ನೀರಿನ ಪೆಟ್ಟಿಗೆ ಕೊಂಚ ಸೋತು ಜಾರಿಕೊಳ್ಳುತ್ತೆ. ನಿಮ್ಮ ಪ್ರಶಸ್ತಿ ಪತ್ರದಲ್ಲೂ ಹಾಗೇ ಬರೆದಿದೆ."

"ಉಪ್ಪಿನ ಮೂಟೆ ತೂಗುಹಾಕಿದ್ರೆ ನೀರಿನ ಲೆಕ್ಕ ಬರಲ್ಲ ಮೇಡಂ. ನೀರಿನ ಒತ್ತಡ ಎಲ್ಲಾ ಕಡೆ ಹರಡಿರುತ್ತೆ, ರೆಕ್ಕೆ ಜೊತೆ ನೀರೂ ಅಲುಗುತ್ತೆ…"

"ಲೆಕ್ಕ ನಿಮಗಿರ್ಲಿ. ಯಾವ ಕಡೆ ತಿರುಗುತ್ತೆ ಅಂತ ಗೊತ್ತಾದ್ರೆ ನನಗೆ ಸಾಕು."

ಮೂಟೆಯ ಬಾಯಿಗೆ ಹಗ್ಗ ಬಿಗಿದು, ತುದಿಯ ನಟ್ಟನಡುವೆ ಬರುವಂತೆ ಮೆಲ್ಲಗೆ ತೂಗುಬಿಟ್ಟಳು. ರೆಕ್ಕೆ ಬಾಗಿತು. ಕಣ್ಣಿಗೆ ಕಂಡೂ ಕಾಣದಷ್ಟು. ಪೆನ್ಸಿಲು ಒಂದು ಕ್ಷಣ ಹಾಗೇ ಇತ್ತು. ಆಮೇಲೆ ಉರುಳಿತು. ಮುಂದಿನ ಅಂಚಿನ ಕಡೆಗೆ ಉರುಳಿ, ನೆಲಕ್ಕೆ ಬಿದ್ದು, ಬಾನ್‌ನ ಬೂಟಿನ ಬಳಿ ನಿಂತಿತು.

ಇಬ್ಬರೂ ಅದನ್ನೇ ನೋಡಿದರು.

"ಸೋಲೋ ಬದಲು ನೀರಿಗೆ ಹಲ್ಲು ಊರ್ತು," ಎಂದಳು ಸೊನೊಕ್. ಗೆದ್ದೆ ಎನಿಸಬೇಕಿತ್ತು, ಎನಿಸಲಿಲ್ಲ. "ಭಾರ ಹೆಚ್ಚಾದಷ್ಟೂ ಇನ್ನೂ ಗಟ್ಟಿಯಾಗಿ ಕಚ್ಚುತ್ತೆ. ಕಚ್ಚಿದಷ್ಟೂ ಭಾರ ಹೆಚ್ಚಾಗುತ್ತೆ. ಕೊನೆಗೆ ತನ್ನನ್ನೇ ಮುರ್ಕೊಳ್ಳುತ್ತೆ. ತಾಕ್ ಅಣ್ಣ ಮೊದಲ ದಿನದಿಂದ ಒಂದೇ ಮಾತು ಹೇಳ್ತಿದ್ರು, ವೇಗ ಏರಿಸಿದ್ರೆ ದೋಣಿ ಬಲಕ್ಕೆ ಎಳೆಯುತ್ತೆ ಅಂತ. ಎಡಗಡೆ ತಳ್ಳೋ ಬಲ ಜಾಸ್ತಿ ಆದ್ರೆ ಬಲಕ್ಕಲ್ಲದೆ ಇನ್ನೆಲ್ಲಿಗೆ ಎಳೆಯುತ್ತೆ? ಅದನ್ನ ಸರಿ ಮಾಡೋಕೆ ಅವರು ಚುಕ್ಕಾಣಿ ಎಡಕ್ಕೆ ಹಿಡಿದ್ರು. ಹಿಡಿದಿದ್ದಾಗಲೇ ಎಡಗಡೆ ರೆಕ್ಕೆ ಮುರೀತು. ಹಗ್ಗಜಗ್ಗಾಟದಲ್ಲಿ ಎದುರಿನೋರು ಕೈಬಿಟ್ಟ ಹಾಗೆ ದೋಣಿ ಎಡಕ್ಕೆ ಹಾರಿತು. ಎಡಕ್ಕೆ ಬಂಡೆ ಇತ್ತು."

ಮುಳುಗಿದ ದೋಣಿಯ ಚುಕ್ಕಾಣಿ ಎಡಕ್ಕೆ ತಿರುಗಿದ್ದೇ ತಾಕ್‌ನ ಮೇಲಿದ್ದ ದೊಡ್ಡ ಸಾಕ್ಷಿ. ಬೇಕಾಬಿಟ್ಟಿ ದೋಣಿ ನಡೆಸಿ ಬಂಡೆಗೆ ಗುದ್ದಿಸಿದ ಎಂದು ಸರ್ಕಾರಿ ವಕೀಲರು ಅದನ್ನೇ ಹಿಡಿದು ವರ್ಷವಿಡೀ ಜಗ್ಗಿದ್ದರು.

"ಎಡಗಡೆ ರೆಕ್ಕೆ ಲೆಕ್ಕ ನೀವು ಹಾಕಲೇ ಇಲ್ಲ, ಅಲ್ವಾ?"

ಬಾನ್ ಕುರ್ಚಿಯಲ್ಲಿ ಕುಸಿದ.

"ಯಾರೂ ಹಾಕಲ್ಲ," ಎಂದ. "ಒಂದು ಕಡೆ ಲೆಕ್ಕ ಮುಗಿಸೋಕೇ ಕಂಪ್ಯೂಟರಿಗೆ ವಾರಗಟ್ಟಲೆ ಬೇಕು. ಇನ್ನೊಂದು ಕಡೆಗೆ 'ಕನ್ನಡಿ ಬಿಂಬ' ಅಂತ ಒಂದು ಮಾತು ಹಾಕ್ತೀವಿ. ಕಂಚಿನ ಕಾಲದಿಂದ ನಡೆದುಬಂದ ಪದ್ಧತಿ. ಕಂಚಿಗೆ ಆಕಾರ ತಿರುಗಿಸಿದ್ರೆ ಮುಗೀತು. ಕೆಳಗೆ ರೆಕ್ಕೆ ಮಾಡೋರೂ ಹಾಗೇ ಮಾಡಿದ್ರು. ಅಚ್ಚು ತಿರುಗಿಸಿದ್ರು, ಬಟ್ಟೆ ಹಾಸೋ ಕ್ರಮ ತಿರುಗಿಸಲಿಲ್ಲ. ಅವರು ನನ್ನ ಕೇಳಲಿಲ್ಲ. ನಾನೂ ಹೋಗಿ ನೋಡಲಿಲ್ಲ."

"ಗೊತ್ತಾಗಿದ್ದು ಯಾವಾಗ?"

ಬಾನ್ ಬಗ್ಗಿ ಬೂಟಿನ ಬಳಿಯ ಪೆನ್ಸಿಲನ್ನು ಎತ್ತಿಕೊಂಡ.

"ಮುಳುಗಿದ ಮೇಲಾ, ಮೊದಲಾ?"

"ಮೊದಲು," ಎಂದ ಬಾನ್.

ಸೊನೊಕ್ ಅವನ ಕೊರಳಪಟ್ಟಿ ಹಿಡಿದಳು. ಪೊಲೀಸಿನಲ್ಲಿದ್ದಷ್ಟು ಕಾಲ ಒಬ್ಬ ಆರೋಪಿಯ ಮೈಯನ್ನೂ ಮುಟ್ಟಿದವಳಲ್ಲ ಅವಳು. "ಅಮ್ಮ ಆ ದೋಣಿಯಲ್ಲಿದ್ರು," ಎಂದಳು. "ಹಬ್ಬಕ್ಕೆ ಮಾಡಿದ ಸೋಂಗ್‌ಪ್ಯೋನ್ ಕಡುಬನ್ನ ಡಬ್ಬಿಗೆ ಹಾಕ್ಕೊಂಡು ನನ್ನ ಮನೆಗೆ ಹೊರಟಿದ್ರು. ಹೆಣ ಸಿಕ್ಕಾಗ ಡಬ್ಬಿ ಬಗಲಲ್ಲೇ ಇತ್ತು. ನಿನಗೆ ಮೊದಲೇ ಗೊತ್ತಿತ್ತು."

"ಸುಮ್ಮನಿರಲಿಲ್ಲ ಮೇಡಂ. ಆಣೆ ಮಾಡ್ತೀನಿ." ಅವನು ಬಿಡಿಸಿಕೊಳ್ಳಲು ನೋಡಲಿಲ್ಲ. "ಬಲಕ್ಕೆ ಎಳೆಯುತ್ತೆ ಅಂತ ಕ್ಯಾಪ್ಟನ್ ಫೋನ್ ಮಾಡಿದಾಗ ಅನುಮಾನ ಬಂತು. ಎಳೆಗಳ ಓರೆ ಹಾಗೇ ಬಿಟ್ಟು ಎಡಗಡೆದಕ್ಕೆ ಹೊಸದಾಗಿ ಲೆಕ್ಕ ಹಾಕ್ದೆ. ನೀರೂ ರೆಕ್ಕೇನೂ ಕೊನೇತನಕ ಒಪ್ಪಲೇ ಇಲ್ಲ. ನಿರ್ದೇಶಕರ ಹತ್ತಿರ ಓಡಿದೆ. ಹಬ್ಬ ಕಳೀಲಿ, ಸದ್ದಿಲ್ಲದೆ ಬದಲಾಯಿಸೋಣ, ಪ್ರಶಸ್ತಿ ಬಂದು ಇನ್ನೂ ವಾರ ಆಗಿಲ್ಲ ಅಂದ್ರು."

"ನೀವು ಹೂಂ ಅಂದ್ರಿ."

"ಅಂದೆ. ಆದ್ರೆ ನಿದ್ದೆ ಬರಲಿಲ್ಲ. ಹಬ್ಬಕ್ಕೆ ಮೊದಲು ನಾನೇ ಬಂದರಿಗೆ ಹೋದೆ. ಕ್ಯಾಪ್ಟನ್ ದೋಣಿ ತಗೊಂಡು ಹೋಗಿದ್ರು. ಫೋನಲ್ಲಿ ಹೇಳೋ ಧೈರ್ಯ ಇರಲಿಲ್ಲ, ಫೋನಲ್ಲಿ ಹೇಳಿದ್ದು ಉಳಿದುಬಿಡುತ್ತೆ ಅಂತ ಭಯ. ಅಲ್ಲಿದ್ದೋರಿಗೆ ಹೇಳಿ ಬಂದೆ. ಎಡಗಡೆ ಪ್ರೊಪೆಲ್ಲರ್ ಸರಿಯಿಲ್ಲ, ಪೂರ್ತಿ ವೇಗ ಬೇಡ, ಸಾಧ್ಯ ಆದ್ರೆ ದೋಣೀನೇ ಬಿಡಬೇಡಿ ಅಂತ ಹೇಳಿ ಅಂದೆ. ಬಿಡಿಸಿ ಬಿಡಿಸಿ ಹೇಳಿದೆ. ಖಂಡಿತ ತಿಳಿಸ್ತೀನಿ ಅಂದ್ರು ಆಯಮ್ಮ. ಕುಡಿಯೋಕೆ ಬಾರ್ಲಿ ಟೀ ಕೂಡ ಕೊಟ್ರು."

ಸೊನೊಕ್‌ಳ ಕೈ ಸಡಿಲವಾಯಿತು.

"ಯಾವ ಆಯಮ್ಮ?"

"ಹೆಸರು ಕೇಳಲಿಲ್ಲ. ಟಿಕೆಟ್ ಹರಿದು ಕೊಡ್ತಾರಲ್ಲ, ಅವರು."

ಆ ಬಂದರಿನಲ್ಲಿ ಟಿಕೆಟ್ ಹರಿದು ಕೊಡುವ ಹೆಂಗಸು ಒಬ್ಬಳೇ. ದೋಣಿ ಗಂಡನದು, ಟಿಕೆಟ್ ಗೂಡು ಹೆಂಡತಿಯದು. ಒಲೆಗೆ ಹಾಕಿದ ಫೋಟೋ ಸೊನೊಕ್‌ಗೆ ನೆನಪಾಯಿತು. ಬಿಸಿಲಿನಲ್ಲೂ ಮೂಗಿನ ತನಕ ಎಳೆದುಕೊಂಡ ಶಾಲು ನೆನಪಾಯಿತು. ವರ್ಷವಿಡೀ ತಾನು ಎಲ್ಲಿಗೆ ಹೊರಟರೂ ಊಟದ ಡಬ್ಬಿ ಹಿಡಿದು ಜೊತೆಗೆ ಬರುತ್ತಿದ್ದವಳು, ಯಾರನ್ನು ಕಂಡೆ, ಏನು ಸಿಕ್ಕಿತು ಎಂದು ಅಷ್ಟೊಂದು ಅಕ್ಕರೆಯಿಂದ ಕೇಳುತ್ತಿದ್ದವಳು ಅವಳೇ. ಕಣ್ಣೆದುರೇ ಇದ್ದದ್ದನ್ನು ಕಾಣದೆ ಹೋದ ತನ್ನ ಜಾಣತನಕ್ಕೆ ಬೆಂಕಿ ಬೀಳಲಿ ಎಂದುಕೊಂಡಳು.

"ನನ್ನ ಉಪ್ಪು ಆಯ್ತಾ?"

ಬಾಗಿಲಲ್ಲಿ ಮಾಲ್ಸುನ್ ನಿಂತಿದ್ದಳು. ಶಾಲು ಹೆಗಲಿಗೆ ಇಳಿದಿತ್ತು. ಬಾನ್ ಎದ್ದು ನಿಂತು, ಬೆನ್ನು ಬಗ್ಗಿಸಿ ನಮಸ್ಕರಿಸಿದ. ಹೇಳಬೇಕಾದದ್ದೆಲ್ಲ ಆ ನಮಸ್ಕಾರದಲ್ಲೇ ಇತ್ತು.

"ಎಷ್ಟು ಹೊತ್ತಿಂದ ನಿಂತಿದ್ದೀರಿ ಅತ್ತಿಗೆ?"

"ಬೇಕಾದಷ್ಟು ಹೊತ್ತಿಂದ."

"ಅಣ್ಣನಿಗೆ ಹೇಳಿದ್ರಾ?"

ಮಾಲ್ಸುನ್ ಒಳಗೆ ಬಂದು ರೆಕ್ಕೆಯ ಮುಂದೆ ನಿಂತಳು. ತೂಗುತ್ತಿದ್ದ ತನ್ನ ಮೂಟೆಯ ಮೇಲೆ ಅಂಗೈ ಇಟ್ಟಳು.

"ಹೇಳಿದ್ರೆ ಅವರು ದೋಣಿ ಬಿಡ್ತಿದ್ರಾ? ಅವರ ಸ್ವಭಾವ ನಿಂಗೆ ಗೊತ್ತಲ್ಲ. ಹಬ್ಬಕ್ಕೆ ಬಂದೋರೆಲ್ಲ ದ್ವೀಪದಲ್ಲೇ ಉಳಿದ್ರೂ ಸರಿ, ಕಟ್ಟಿಹಾಕಿಬಿಡ್ತಿದ್ರು. ವರ್ಷಕ್ಕೊಂದು ಚುಸೋಕ್. ಜನ ಬೈತಾರೆ, ಮುಂದಿನ ಸಲ ಬೇರೆ ದೋಣಿ ಹತ್ತುತ್ತಾರೆ. ನಾಕೇ ದಿನ ಅಲ್ವಾ, ಅವರು ಯಾವತ್ತೂ ಜೋರಾಗಿ ಓಡಿಸೋರಲ್ಲ, ಹಬ್ಬ ಕಳೀಲಿ ಆಮೇಲೆ ಹೇಳಿದ್ರಾಯ್ತು ಅಂದ್ಕೊಂಡೆ. ಆವತ್ತು ಗಾಳಿ ಎದ್ದಿತ್ತು. ಬೇಗ ದಾಟಿಸಿಬಿಡ್ತೀನಿ ಅಂತ ವೇಗ ಏರಿಸಿದ್ರು."

"ನಮ್ಮಮ್ಮನಿಗೆ ಟಿಕೆಟ್ ಕೊಟ್ಟಿದ್ದು ನೀವೇ."

"ಟಿಕೆಟ್ಟಷ್ಟೇ ಅಲ್ಲ. ಗಾಳಿ ಬರುತ್ತೆ ಅಂತ ಒಳಗೆ, ಕಿಟಕಿ ಪಕ್ಕ ಕೂರಿಸಿದ್ದೂ ನಾನೇ." ಅವಳ ದನಿ ಏರಲಿಲ್ಲ. "ಹೊರಗೆ ಕೂತೋರು ಬದುಕಿದ್ರು."

ಸೊನೊಕ್ ರೆಕ್ಕೆಯಿಂದ ಒಂದು ಹೆಜ್ಜೆ ಹಿಂದೆ ಸರಿದಳು. ಈ ಹೆಂಗಸಿನ ಗಂಡನನ್ನು ಬಿಡಿಸಲೆಂದು ವರ್ಷ ಸವೆಸಿದ್ದಳು. ಅಮ್ಮನ ತಿಥಿಗೆ ಈ ಕೈಯೇ ಅನ್ನ ಬಡಿಸಿತ್ತು, ತಾನು ಉಂಡು ಕೈತೊಳೆದಿದ್ದಳು. ಈಗ ಆ ಕೈ ಮೂಟೆಯ ಮೇಲೆ ಅಲುಗದೆ ಕೂತಿರುವುದನ್ನು ನೋಡಲೂ ಆಗಲಿಲ್ಲ, ನೋಡದಿರಲೂ ಆಗಲಿಲ್ಲ.

"ಅಣ್ಣನಿಗೆ ಈಗಲಾದ್ರೂ ಗೊತ್ತಾ?"

"ದೋಣಿ ಮುಳುಗಿದ ದಿನವೇ ಹೇಳ್ದೆ. ಒಂದು ಮಾತು ಬೈಲಿಲ್ಲ. ಯಾರಿಗೂ ಹೇಳ್ಬೇಡ, ನೀನು ಈ ದ್ವೀಪದಲ್ಲೇ ಬಾಳಬೇಕು ಅಂದ್ರು. ಸತ್ತೋರೆಲ್ಲ ನಮ್ಮ ಅಕ್ಕಪಕ್ಕದೋರೇ ಅಲ್ವಾ." ಅವಳು ಮೂಟೆಯ ಗಂಟು ಬಿಚ್ಚತೊಡಗಿದಳು. "ನಿನ್ನೆ ನಿಂಗೆ ಫೋಟೋ ಸಿಕ್ಕಿತು. ಇವತ್ತು ಬೆಳಿಗ್ಗೆ ಅದನ್ನೂ ಅವರಿಗೆ ಹೇಳ್ದೆ."

ಸೊನೊಕ್‌ಳ ಫೋನು ಅರಚಿಕೊಂಡಿತು. ತಾಕ್‌ನ ವಕೀಲ ಪ್ಯೊ. ಎತ್ತಿದ್ದೇ ತಡ, ಅವನು ಉಸಿರು ಬಿಡದೆ ಮಾತಾಡಿದ.

"ಮೇಡಂ, ಎಲ್ಲಾ ಹಾಳಾಯ್ತು. ಬೆಳಿಗ್ಗೆ ಹೆಂಡ್ತಿ ಬಂದು ಹೋದ ಮೇಲೆ ಕ್ಯಾಪ್ಟನ್ ತಪ್ಪೊಪ್ಪಿಗೆ ಬರೆದುಕೊಟ್ಟಿದ್ದಾರೆ. ನಾನೇ ಬೇಕಂತ ಚುಕ್ಕಾಣಿ ಎಡಕ್ಕೆ ತಿರುಗಿಸಿದೆ, ಪ್ರೊಪೆಲ್ಲರ್ ಸರಿಯಾಗೇ ಇತ್ತು ಅಂತ. ಇದನ್ನ ಸುಳ್ಳು ಮಾಡೋ ಸಾಕ್ಷಿ ಏನಾದ್ರೂ ಇದ್ರೆ ಸಂಜೆಯೊಳಗೆ ಕೋರ್ಟಿಗೆ ಸಾಕ್ಷಿ ಹೇಳೋರ ಹೆಸರು ಕೊಡಬೇಕು. ಇಲ್ಲಾಂದ್ರೆ ಅವರ ಆಯುಷ್ಯ ಒಳಗೇ ಕಳೆಯುತ್ತೆ. ಇದೆಯಾ ಏನಾದ್ರೂ?"

ಗಂಟು ಬಿಚ್ಚಿತು. ಮಾಲ್ಸುನ್ ಮೂಟೆಯನ್ನು ಎದೆಗವಚಿಕೊಂಡಳು. ಭಾರ ಇಳಿದ ರೆಕ್ಕೆ ಏನೂ ಆಗಿಲ್ಲವೆಂಬಂತೆ ನೆಟ್ಟಗಾಯಿತು.

"ನಾನು ಬರ್ತೀನಿ ಮೇಡಂ, ಎಲ್ಲಾ ಹೇಳ್ತೀನಿ," ಎಂದ ಬಾನ್, ಸಣ್ಣ ದನಿಯಲ್ಲಿ. "ಆದ್ರೆ ಯಾರಿಗೆ ಹೇಳಿದ್ದೆ ಅಂತ ಕೇಳೇ ಕೇಳ್ತಾರೆ. ಆಗ ಸುಳ್ಳು ಹೇಳೋಕೆ ನನ್ನ ಕೈಲಾಗಲ್ಲ."

ಮಾಲ್ಸುನ್ ಬಾಗಿಲ ಬಳಿ ತಿರುಗಿ ನಿಂತಳು.

"ನಿಮ್ಮಮ್ಮನ ಪಾಲಿಗೂ ಸೇರಿಸಿ ಕೊಳ್ತಿದ್ದೆ ಪ್ರತಿ ವರ್ಷ," ಎಂದಳು. "ಈ ಸಲಾನೂ ಅಷ್ಟೇ ಉಪ್ಪು ಕೊಂಡಿದ್ದೀನಿ ನೋಡು. ಕೈ ಕೇಳಲ್ಲ." ಮೂಟೆಯನ್ನು ಮೇಲಕ್ಕೆಳೆದುಕೊಂಡಳು. "ಅವರಿಗೆ ಬೇಕಾಗಿರೋದು ಒಂದೇ, ನಾನು ಉಳೀಬೇಕು. ಅಷ್ಟು ಮಾತ್ರ ಅವರಿಗೆ ಬಿಟ್ಟುಕೊಡು, ಸೊನೊಕ್."

"ಹಲೋ? ಮೇಡಂ? ಇದೆಯಾ, ಇಲ್ವಾ?"

"ಇದೆ," ಎಂದಳು ಸೊನೊಕ್.

"ದೇವರು ದೊಡ್ಡೋನು. ಬರ್ಕೋತಿದ್ದೀನಿ, ಹೆಸರು ಹೇಳಿ."

ಸೊನೊಕ್ ಮಾಲ್ಸುನ್‌ಳ ಮುಖವನ್ನೇ ನೋಡುತ್ತ ನಿಂತಳು. ಮಾಲ್ಸುನ್ ಕಣ್ಣು ತಗ್ಗಿಸಲಿಲ್ಲ.